ಮೂರನೆಯ ಕೈ

ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಐದು ಹೊಲಿಗೆಗಳ ಗುರುತಿದೆ. 2021ರ ಜುಲೈ ತಿಂಗಳ ಒಂದು ಭಾನುವಾರ ಪುಣೆಯ ವಾಕಡ್‌ನಲ್ಲಿರುವ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಆದದ್ದು. ಆಗ ಮನೆಯಿಂದಲೇ ಕೆಲಸ. ಬೆಳಗಿನಿಂದ ರಾತ್ರಿಯವರೆಗೆ ಕಾಲ್ ಮೇಲೆ ಕಾಲ್. ಪರದೆ ಬಿಟ್ಟು ಬೇರೆ ಏನನ್ನಾದರೂ ಕೈಯಲ್ಲಿ ಹಿಡಿಯಬೇಕು ಅನ್ನಿಸಿ ಆರು ಕೆತ್ತನೆ ಉಳಿಗಳ ಒಂದು ಸೆಟ್ ತರಿಸಿಕೊಂಡಿದ್ದೆ. ಅಂಗೈಯಗಲದ ಸಾಗುವಾನಿ ತುಂಡಿನ ಮೇಲೆ ಪೆನ್ಸಿಲ್‌ನಲ್ಲಿ ಒಂದು ಎಲೆ ಬರೆದುಕೊಂಡು, ತುಂಡನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಉಳಿಯನ್ನು ತಳ್ಳುತ್ತಿದ್ದೆ. ಎಳೆ ಎಲ್ಲೋ ತಿರುಗಿತು, ಉಳಿ ಜಾರಿತು.

ಹೊಲಿಗೆ ಹಾಕಿದ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಮರವನ್ನು ಯಾವುದರಲ್ಲಿ ಹಿಡಿಸಿದ್ದಿರಿ?"

ನಾಚಿಕೆಯಾದದ್ದು ಅದಕ್ಕೆ. ಎಂಜಿನಿಯರಿಂಗ್ ಓದಿದ ಎಲ್ಲರಿಗೂ ಮೊದಲ ವರ್ಷದ ವರ್ಕ್‌ಶಾಪ್ ನೆನಪಿರುತ್ತದೆ. ಫಿಟ್ಟಿಂಗ್ ಶಾಪಿನ ಉದ್ದನೆಯ ಮೇಜು, ಅದರ ಅಂಚಿಗೆ ಸಾಲಾಗಿ ಕೂರಿಸಿದ ಬೆಂಚ್ ವೈಸ್‌ಗಳು, ಅವುಗಳ ದವಡೆಯಲ್ಲಿ ಕಚ್ಚಿಸಿದ ಕಬ್ಬಿಣದ ತಟ್ಟೆ, ಅದನ್ನು ಚೌಕಾಕಾರಕ್ಕೆ ತರುವಷ್ಟರಲ್ಲಿ ಬೊಬ್ಬೆ ಬಂದ ಅಂಗೈ. ಕೆಲಸ ಶುರುವಾಗುವ ಮೊದಲು ಹಿಡಿತ ಗಟ್ಟಿಯಾಗಿರಬೇಕು ಎಂಬ ಪಾಠವೊಂದೇ ನಮ್ಮ ಬೋಧಕರು ಬೈದು ಬೈದು ಕಲಿಸಿದ್ದು. ಮುಂದೆ ಎಂಟೆಕ್ ಮಾಡಿ, ಇಪ್ಪತ್ತು ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಇತರರಿಗೆ ರಿಸ್ಕ್ ರಿಜಿಸ್ಟರ್ ಬರೆಸಿದ ನಾನು, ಮರದ ವಿಷಯಕ್ಕೆ ಬಂದಾಗ ಆ ಪಾಠವನ್ನು ಮರೆತೇಬಿಟ್ಟಿದ್ದೆ.

ಯಾಕೆ ಮರೆತೆ ಎಂದು ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಕೂತಾಗ ಯೋಚಿಸಿದೆ. ನನ್ನ ಮನಸ್ಸಿನಲ್ಲಿ ಮರದ ಕೆತ್ತನೆ ಎಂದರೆ ಸಾಗರದ ಒಂದು ಜಗಲಿ. ಶಾಲೆಗೆ ಹೋಗುವ ದಾರಿಯಲ್ಲಿ ಒಬ್ಬ ಗುಡಿಗಾರರ ಮನೆಯಿತ್ತು. ಅವರು ಗೋಣಿಚೀಲದ ಮೇಲೆ ಕೂತು, ಗಂಧದ ತುಂಡನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು, ಸಣ್ಣ ಕೊಡತಿಯಿಂದ ಉಳಿಯನ್ನು ತಟ್ಟುತ್ತಿದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಅಪ್ಪ ಒಮ್ಮೆ ಎಳೆದುಕೊಂಡು ಹೋಗಿ, "ಓದದಿದ್ದರೆ ಹೀಗೇ ನೆಲದ ಮೇಲೆ ಕಾಲಲ್ಲಿ ಮರ ಹಿಡ್ಕೊಂಡು ಕೂರಬೇಕಾಗುತ್ತದೆ" ಎಂದಿದ್ದರು. ಆ ಮಾತು ಒಳಗೆ ಉಳಿದುಕೊಂಡಿತು. ವೈಸ್ ಎಂದರೆ ಕಾರ್ಖಾನೆ, ಕಾಲು ಎಂದರೆ ಬಡತನ. ಒಂದು ಮುಂದುವರಿದದ್ದು, ಇನ್ನೊಂದು ಹಿಂದುಳಿದದ್ದು. ಹಿಡಿಯುವ ಉಪಕರಣ ಇಲ್ಲದವರು ಕಾಲು ಬಳಸುತ್ತಾರೆ ಎಂಬುದರಲ್ಲಿ ನನಗೆ ಯಾವತ್ತೂ ಸಂಶಯ ಬಂದಿರಲಿಲ್ಲ.

ಗಾಯ ಮಾಗುವ ಆ ವಾರಗಳಲ್ಲಿ ವೈಸ್ ಕೊಳ್ಳಲು ಹೊರಟವನು ವೈಸಿನ ಇತಿಹಾಸದಲ್ಲಿ ಸಿಕ್ಕಿಬಿದ್ದೆ. ಅಲ್ಲಿ ನನಗೆ ಮೊದಲು ಎದುರಾದದ್ದು ಕಾಲೇ.

*

ಜರ್ಮನಿಯ ಬಾಡ್ ಹೋಂಬರ್ಗ್ ಹತ್ತಿರದ ಸಾಲ್‌ಬರ್ಗ್‌ನಲ್ಲಿ ರೋಮನ್ನರ ಗಡಿಕೋಟೆಯೊಂದಿತ್ತು. ಅಲ್ಲಿನ ಬಾವಿಯ ಕೆಸರಿನಲ್ಲಿ ಬಡಗಿಯ ಬೆಂಚು ಕೊಳೆಯದೆ ಉಳಿದು ಸಿಕ್ಕಿದೆ. ಕ್ರಿ.ಶ. ಎರಡನೆಯ ಶತಮಾನದ ಕಾಲದ್ದು. ದಪ್ಪ ಹಲಗೆ, ಓರೆಯಾಗಿ ಬಡಿದ ಕಾಲುಗಳು, ಮೊಣಕಾಲೆತ್ತರ. ಅದರಲ್ಲಿ ವೈಸ್ ಇಲ್ಲ. ಇಂಥ ತಗ್ಗಿನ ಬೆಂಚಿನ ಮೇಲೆ ಬಡಗಿ ಕುದುರೆ ಏರಿದಂತೆ ಕೂರಬಹುದು. ಹಲಗೆಯ ತೂತಿಗೆ ಗೂಟ ಸಿಕ್ಕಿಸಿ, ಮರವನ್ನು ಅದಕ್ಕೆ ಒತ್ತಿ, ತನ್ನ ತೊಡೆ, ಮೊಣಕಾಲು, ಮೈಭಾರದಿಂದ ಅದನ್ನು ಹಿಡಿಯಬಹುದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಡಿ ಹೂತುಹೋದ ಹರ್ಕ್ಯುಲೇನಿಯಂ ಊರಿನ ಗೋಡೆಚಿತ್ರವೊಂದರಲ್ಲೂ ಇಂಥದೇ ಬೆಂಚು ಇದೆ. ಅದರ ಮೇಲೆ ಕಬ್ಬಿಣದ ಕೊಕ್ಕೆಯೂ ಕಾಣುತ್ತದೆ. ಬೆಂಚಿನ ತೂತಿಗೆ ಇಳಿಸಿ ತಲೆಗೊಂದು ಪೆಟ್ಟು ಕೊಟ್ಟರೆ ಓರೆಯಾಗಿ ಬಿಗಿದುಕೊಂಡು ಮರವನ್ನು ಅಮುಕುವ ಕೊಕ್ಕೆ ಅದು. ಹಿಂದಿನಿಂದ ಒಂದು ಪೆಟ್ಟು ಕೊಟ್ಟರೆ ಸಡಿಲ. ಎರಡು ಸಾವಿರ ವರ್ಷದ ನಂತರವೂ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ.

ನನಗೆ ವಿಚಿತ್ರ ಎನಿಸಿದ್ದು ಬೇರೆ. ಅದೇ ರೋಮನ್ನರ ಬಳಿ ತಿರುಪು ಇತ್ತು. ಅಲೆಕ್ಸಾಂಡ್ರಿಯಾದ ಹೀರೋ ಮೊದಲನೆಯ ಶತಮಾನದಲ್ಲಿ ತಿರುಪಿನ ಒತ್ತುಯಂತ್ರವನ್ನೂ ಮರದೊಳಗೆ ತಿರುಪಿನ ಸುತ್ತು ಕೊರೆಯುವ ಸಾಧನವನ್ನೂ ವಿವರಿಸಿದ್ದಾನೆ. ದ್ರಾಕ್ಷಿ ಹಿಂಡಲು ತಿರುಪು ಬಳಕೆಗೆ ಬಂದದ್ದನ್ನು ಪ್ಲಿನಿ ತನ್ನ ಕಾಲದ ಹೊಸ ಸಂಗತಿಯಾಗಿ ಬರೆದಿದ್ದಾನೆ. ವೈಸ್ ಎಂಬ ಮಾತೇ ಈ ದ್ರಾಕ್ಷಿತೋಟದಿಂದ ಹೊರಟದ್ದು. ಲ್ಯಾಟಿನ್ನಿನಲ್ಲಿ ವಿಟಿಸ್ ಎಂದರೆ ದ್ರಾಕ್ಷಿಬಳ್ಳಿ. ಬಳ್ಳಿಯ ಕುಡಿ ಸುರುಳಿ ಸುತ್ತುವುದರಿಂದ ಫ್ರೆಂಚಿನಲ್ಲಿ ವಿಸ್ ಎಂದರೆ ತಿರುಪು ಎಂದಾಯಿತು, ಅದು ಇಂಗ್ಲಿಷಿಗೆ ಹೋಗಿ ವೈಸ್ ಆಯಿತು. ಬಳ್ಳಿಯ ಹೆಸರಿನ ತಿರುಪು ಬಳ್ಳಿಯ ಹಣ್ಣನ್ನೇ ಹಿಂಡಿತು. ಆಮೇಲೆ 1450ರ ಸುಮಾರಿಗೆ ಗುಟೆನ್‌ಬರ್ಗ್‌ನ ಮುದ್ರಣಯಂತ್ರದಲ್ಲಿ ಕಾಗದವನ್ನು ಒತ್ತಿತು. ಆದರೆ ಬಡಗಿಯ ಬೆಂಚಿನಲ್ಲಿ ಮರ ಹಿಡಿಯುವ ತಿರುಪು ಚಿತ್ರಗಳಲ್ಲಿ ಕಾಣಿಸಿಕೊಳ್ಳುವುದು 1500ರ ಹೊತ್ತಿಗೆ. ಸುಮಾರು 1400 ವರ್ಷ ತಿರುಪು ಪಕ್ಕದ ಕೋಣೆಯಲ್ಲೇ ಇದ್ದರೂ ಬಡಗಿ ಅದನ್ನು ಕರೆಯಲಿಲ್ಲ.

ಪ್ರಾಜೆಕ್ಟ್ ಮ್ಯಾನೇಜರಾಗಿ ಈ ವಿಳಂಬ ನನಗೆ ಅರ್ಥವಾಗುತ್ತದೆ. ತಂತ್ರಜ್ಞಾನ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅದನ್ನು ಬಳಸುವುದಿಲ್ಲ. ದಪ್ಪನೆಯ ಮರದ ತಿರುಪನ್ನು ಕೈಯಿಂದ ಕೊರೆದು, ಅದಕ್ಕೆ ಹೊಂದುವ ಒಳಸುತ್ತು ಮಾಡುವುದು ದಿನಗಟ್ಟಲೆ ಕೆಲಸ. ಗೂಟ, ಬೆಣೆ, ಕೊಕ್ಕೆ, ತೊಡೆ, ಇವು ಪುಕ್ಕಟೆ. ಅವುಗಳಿಂದ ಕೆಲಸ ನಡೆಯುತ್ತಿದ್ದರೆ ತಿರುಪು ಯಾಕೆ ಬೇಕು?

*

ಬೇಕಾದದ್ದು ಎಲ್ಲಿ ಎಂಬುದಕ್ಕೆ ಎರಡು ಊರುಗಳ ಕಥೆ ಹೇಳಬೇಕು: ಜರ್ಮನಿಯ ನ್ಯೂರೆಂಬರ್ಗ್, ಪೋಲೆಂಡಿನ ಕ್ರಾಕೋವ್.

ಫೈಟ್ ಶ್ಟೋಸ್ ನ್ಯೂರೆಂಬರ್ಗಿನಿಂದ ಕ್ರಾಕೋವ್‌ಗೆ ಕೆಲಸ ಹುಡುಕಿಕೊಂಡು ಹೋದ ಕೆತ್ತನೆಗಾರ. ನಮ್ಮ ಹಾಗೇ ವಲಸೆಗಾರ. 1477ರಿಂದ 1489ರವರೆಗೆ ಹನ್ನೆರಡು ವರ್ಷ ದುಡಿದು ಅಲ್ಲಿನ ಸಂತ ಮೇರಿ ಚರ್ಚಿನಲ್ಲಿ ಸುಮಾರು 13 ಮೀಟರ್ ಎತ್ತರದ ಮರದ ಪೂಜಾಪೀಠವನ್ನು ಕಡೆದ. ನಡುವಿನ ವಿಗ್ರಹಗಳು ಮನುಷ್ಯರಿಗಿಂತ ಎತ್ತರ. 1496ರಲ್ಲಿ ನ್ಯೂರೆಂಬರ್ಗಿಗೆ ಮರಳಿದ. ಕಳೆದುಕೊಂಡ ಹಣ ಪಡೆಯಲು ಪತ್ರವೊಂದನ್ನು ನಕಲಿ ಮಾಡಿ ಸಿಕ್ಕಿಬಿದ್ದು, 1503ರಲ್ಲಿ ಎರಡೂ ಕೆನ್ನೆಗಳ ಮೇಲೆ ಬರೆ ಹಾಕಿಸಿಕೊಂಡ. ಆಮೇಲೂ ಅದ್ಭುತವಾದ ಕೆಲಸ ಮಾಡಿದ.

ಆ ಕಾಲದ ಜರ್ಮನ್ ಕೆತ್ತನೆಗಾರರು ಬಳಸುತ್ತಿದ್ದುದು ಹೆಚ್ಚಾಗಿ ಲೈಮ್ ಮರ. ಮೆತ್ತಗಿನ, ಒಂದೇ ಸಮನಾದ ಎಳೆಯ ಮರ. ನಮ್ಮಲ್ಲಿ ಬೆಳೆಯುವ ನಿಂಬೆಗೂ ಇದಕ್ಕೂ ಸಂಬಂಧವಿಲ್ಲ. ಈ ವಿಗ್ರಹಗಳನ್ನು ಪರೀಕ್ಷಿಸಿದವರು ಅನೇಕವುಗಳ ನೆತ್ತಿಯಲ್ಲಿ ಒಂದು ತೂತನ್ನು ಕಂಡಿದ್ದಾರೆ. ಸಂತರ ತಲೆಯಲ್ಲಿ ಬೆಣೆ ಬಡಿದು ಮುಚ್ಚಿದ ತೂತು. ಮರದ ದಿಮ್ಮಿಯನ್ನು ಎರಡು ಆಧಾರಗಳ ನಡುವೆ ಅಡ್ಡಡ್ಡ ಮಲಗಿಸಿ, ನೆತ್ತಿಯ ಕಡೆಗೊಂದು, ಪಾದದ ಕಡೆಗೊಂದು ಮೊನೆ ಸಿಕ್ಕಿಸಿ ಬಿಗಿಯುತ್ತಿದ್ದರು. ಬೇಕೆಂದಾಗ ಸಡಿಲಿಸಿ, ಸ್ವಲ್ಪ ಉರುಳಿಸಿ, ಮತ್ತೆ ಬಿಗಿದು ಇನ್ನೊಂದು ಮಗ್ಗುಲು ಕೆತ್ತುವುದು. ಆ ತೂತು ಅದರ ಗುರುತು. ಐನೂರು ವರ್ಷ ಭಕ್ತರು ಕೈಮುಗಿದ ಮೂರ್ತಿಯ ತಲೆಯಲ್ಲಿ ವರ್ಕ್‌ಶಾಪಿನ ಸಹಿ!

ಮೊಣಕಾಲಲ್ಲಿ ಹಿಡಿಯಲಾಗದಷ್ಟು ದೊಡ್ಡ ಮರ, ಎರಡೂ ಕೈಯ ಬಲ ಬೇಡುವ ಭಾರವಾದ ಉಳಿ, ನಿಂತು ಮಾಡುವ ಕೆಲಸ, ಗಡುವು ಹಾಕಿ ದುಡ್ಡು ಕೊಡುವ ಶ್ರೀಮಂತ ಊರು. ಇವೆಲ್ಲ ಸೇರಿದ ಕಡೆ ಮೈ ಸಾಲದಾಯಿತು, ತಿರುಪು ಬಂತು ಎಂದು ನನ್ನ ಊಹೆ. ಸಾಕ್ಷಿಯೂ ಅದೇ ಊರಿನದು. 1505ರಲ್ಲಿ ನ್ಯೂರೆಂಬರ್ಗಿನ ಮಾರ್ಟಿನ್ ಲೋಫೆಲ್‌ಹೋಲ್ಟ್ಸ್ ಎಂಬಾತ ಸಿದ್ಧಪಡಿಸಿದ ಉಪಕರಣಗಳ ಚಿತ್ರಪುಸ್ತಕದಲ್ಲಿ ತಿರುಪಿನ ವೈಸ್ ಇರುವ ಬಡಗಿ ಬೆಂಚು ಇದೆ. ಅಂಥ ಚಿತ್ರಗಳಲ್ಲಿ ಅತಿ ಹಳೆಯವುಗಳಲ್ಲೊಂದು ಅದು. ಆ ಹಸ್ತಪ್ರತಿ ಬರ್ಲಿನ್ನಿನಲ್ಲಿತ್ತು. ಎರಡನೆಯ ಮಹಾಯುದ್ಧದ ಗಲಿಬಿಲಿಯಲ್ಲಿ ಊರು ಬದಲಿಸಿ ಈಗ ಕ್ರಾಕೋವ್‌ನ ಯಾಗೆಲೋನಿಯನ್ ಗ್ರಂಥಾಲಯದಲ್ಲಿದೆ. ಶ್ಟೋಸ್ ಬಿಟ್ಟುಬಂದ ಊರಿಗೆ ಅವನ ಊರಿನ ವೈಸಿನ ಚಿತ್ರ ಹೋಗಿ ಸೇರಿತು.

ಅಲ್ಲಿಂದ ಮುಂದಿನದು ವೇಗದ ಕಥೆ. 1670ರ ದಶಕದ ಕೊನೆಯಲ್ಲಿ ಲಂಡನ್ನಿನ ಜೋಸೆಫ್ ಮಾಕ್ಸನ್ ಕೈಕೆಲಸಗಳ ಬಗ್ಗೆ ಕಂತುಗಳಲ್ಲಿ ಪುಸ್ತಕ ಹೊರತಂದು, ಅದರಲ್ಲಿ ಎರಡು ತಿರುಪಿನ ವೈಸನ್ನು ತೋರಿಸಿದ. ಇವತ್ತಿಗೂ ಅದಕ್ಕೆ ಮಾಕ್ಸನ್ ವೈಸ್ ಎಂದೇ ಹೆಸರು. 1769ರಿಂದ ಪ್ಯಾರಿಸಿನ ಬಡಗಿ ರೂಬೊ ತನ್ನ ಕಸುಬಿನ ದೊಡ್ಡ ಗ್ರಂಥವನ್ನು ಹೊರತಂದ. 1800ರ ಆಸುಪಾಸಿನಲ್ಲಿ ಹೆನ್ರಿ ಮಾಡ್‌ಸ್ಲೆಯ ಲೇತ್ ಕಬ್ಬಿಣದ ತಿರುಪನ್ನು ಕರಾರುವಾಕ್ಕಾಗಿ ಕೊರೆಯಿತು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ತಿರುಪಿನ ಸುತ್ತುಗಳಿಗೆ ಒಂದೇ ಅಳತೆ ಇರಲಿ ಎಂದು ಪ್ರಸ್ತಾಪ ಮಂಡಿಸಿದ. ದಿನಗಟ್ಟಲೆ ಕೊರೆಯಬೇಕಾಗಿದ್ದ ತಿರುಪು ಪೆಟ್ಟಿಗೆಯಲ್ಲಿ ಎಣಿಸಿ ಮಾರುವ ಸಾಮಾನಾಯಿತು. ನಮ್ಮ ಫಿಟ್ಟಿಂಗ್ ಶಾಪಿನ ವೈಸ್ ಆ ವಂಶದ್ದು.

*

ಇತಿಹಾಸ ಓದಿ ಬುದ್ಧಿ ಬಂದರೂ ಕೈಗೆ ಬರಲಿಲ್ಲ. ನಾನು ಮೊದಲು ತಂದದ್ದು ಫಿಟ್ಟಿಂಗ್ ಶಾಪಿನ ವೈಸನ್ನೇ. ಅದರ ದವಡೆಗೆ ಹಲ್ಲುಗಳಿರುತ್ತವೆ. ಅರ್ಧ ಕೆತ್ತಿದ ನವಿಲನ್ನು ಹಾಕಿ ಬಿಗಿದೆ. ಕಬ್ಬಿಣ ಹಿಡಿಯುವ ಬಲಕ್ಕೆ ಶಿವನೆ ಮರದ ನವಿಲಿನ ಎದೆಯ ಮೇಲೆ ಗೆರೆಗೆರೆಯಾಗಿ ಹಲ್ಲಿನ ಗುರುತು ಬಿತ್ತು. ಕೊಕ್ಕು ಮುರಿಯಿತು.

ಹಾಗೆ ಕೆಡಿಸಿ ಕಲಿತದ್ದನ್ನು ಹೇಳುತ್ತೇನೆ, ಯಾರಾದರೂ ಬಾಲ್ಕನಿಯಲ್ಲಿ ಶುರು ಮಾಡುವವರಿಗೆ ಉಪಯೋಗಕ್ಕೆ ಬರಬಹುದು. ವೈಸ್ ಎಷ್ಟು ಒಳ್ಳೆಯದಾದರೂ ಮೇಜು ಅಲ್ಲಾಡಿದರೆ ವ್ಯರ್ಥ. ಮೇಜಿನ ಕಾಲಿನ ನೇರಕ್ಕೆ ವೈಸ್ ಕೂರಿಸಬೇಕು, ಮರದ ಸ್ಕ್ರೂ ಸಾಲದು, ಹಲಗೆಯ ಆಚೆಗೆ ಹಾಯುವ ಬೋಲ್ಟು, ಕೆಳಗೆ ದೊಡ್ಡ ವಾಷರ್ ಬೇಕು. ಕೀಸುಳಿ ಹೊಡೆಯುವ ಬೆಂಚು ತಗ್ಗಿರಬೇಕು, ಕೆತ್ತನೆಗೆ ಮಾತ್ರ ತುಂಡು ಸುಮಾರು ಮೊಣಕೈ ಎತ್ತರಕ್ಕೆ ಬರಬೇಕು, ಇಲ್ಲದಿದ್ದರೆ ಸಂಜೆಗೆ ಸೊಂಟ ಹೇಳುತ್ತದೆ. ದವಡೆಗಳಿಗೆ ಮರದ ಪಟ್ಟಿ, ಅದರ ಮೇಲೆ ಚರ್ಮ ಅಥವಾ ಕಾರ್ಕ್ ಅಂಟಿಸಬೇಕು. ಆಗ ಕಮ್ಮಿ ಬಿಗಿತಕ್ಕೇ ಹಿಡಿತ ಸಿಗುತ್ತದೆ. ತುಂಡು ದವಡೆಯ ಒಂದು ತುದಿಯಲ್ಲಿದ್ದರೆ ಇನ್ನೊಂದು ತುದಿಗೆ ಅದೇ ದಪ್ಪದ ಮರದ ಚೂರು ಕೊಡಬೇಕು, ಇಲ್ಲದಿದ್ದರೆ ದವಡೆ ಓರೆಯಾಗುತ್ತದೆ. ಕೊಡತಿಯ ಪೆಟ್ಟು ಅಲ್ಲಾಡುವ ದವಡೆಯ ಕಡೆಗಲ್ಲ, ಕದಲದ ದವಡೆಯ ಕಡೆಗೆ ಬೀಳುವಂತೆ ನಿಲ್ಲಬೇಕು. ತೆಳುವಾದ ಹಲಗೆಯನ್ನು ವೈಸಿಗೆ ಹಾಕಲೇಬಾರದು. ದಪ್ಪ ಹಲಗೆಯ ಮೇಲೆ ಪೇಪರ್ ಇಟ್ಟು ಎರಡೂ ಕಡೆ ಅಂಟು ಹಚ್ಚಿ ಕೂರಿಸಿ, ಆ ದಪ್ಪ ಹಲಗೆಯನ್ನು ವೈಸಿನಲ್ಲಿ ಹಿಡಿಸಬೇಕು. ಕೆಲಸ ಮುಗಿದ ಮೇಲೆ ಉಳಿಯಿಂದ ಮೆಲ್ಲಗೆ ಎಬ್ಬಿಸಿದರೆ ಪೇಪರ್ ಸೀಳಿಕೊಂಡು ಎರಡೂ ಬೇರೆಯಾಗುತ್ತವೆ.

ಮೂರ್ತಿಯಂಥ ದುಂಡು ಕೆತ್ತನೆಗೆ ಇಂಗ್ಲಿಷ್ ಕೆತ್ತನೆಗಾರರು ಬಳಸುತ್ತಿದ್ದ ಒಂದು ಜಾಣ ಉಪಾಯವಿದೆ. ಬೆಂಚಿನ ತೂತಿನೊಳಗಿಂದ ಉದ್ದನೆಯ ತಿರುಪೊಂದು ಮೇಲೆ ಬಂದು ಮೂರ್ತಿಯ ಬುಡದ ಕಳೆಮರಕ್ಕೆ ಕಚ್ಚುತ್ತದೆ. ಕೆಳಗಿನ ರೆಕ್ಕೆಯ ನಟ್ಟು ಬಿಗಿದರೆ ಮುಗಿಯಿತು. ಸುತ್ತ ದವಡೆಯೇ ಇಲ್ಲದ್ದರಿಂದ ಎಲ್ಲ ಮಗ್ಗುಲಿಗೂ ಉಳಿ ಹೋಗುತ್ತದೆ. ಅಂಥದೊಂದನ್ನು ಲೇತಿನಲ್ಲಿ ಮಾಡಿಸಿಕೊಂಡೆ. ಆಮೇಲೆ ನನ್ನ ಎಡಗೈ ಮರವನ್ನು ಹಿಡಿದಿಲ್ಲ. ಅದು ಉಳಿಯ ಅಲಗಿನ ಹತ್ತಿರ ಕೂತು ದಾರಿ ತೋರಿಸುತ್ತದೆ, ಬಲಗೈ ತಳ್ಳುತ್ತದೆ. ಎರಡೂ ಕೈ ಅಲಗಿನ ಹಿಂದೆ. ಎಡಗೈ ಬಿಡುವಾದಾಗಲೇ ಗೆರೆ ಹಿಡಿತಕ್ಕೆ ಬರುತ್ತದೆ ಎಂಬುದು ನನಗೆ ಐದು ಹೊಲಿಗೆ ಆದಮೇಲೆ ತಿಳಿಯಿತು.

*

ಇದಿಷ್ಟಾದ ಮೇಲೆ ಸಾಗರದ ಜಗಲಿ ಮತ್ತೆ ಕಣ್ಣ ಮುಂದೆ ಬಂತು. ಆ ಗುಡಿಗಾರರ ಎಡಗೈ ಏನು ಮಾಡುತ್ತಿತ್ತು? ಉಳಿ ಹಿಡಿದಿತ್ತು. ಬಲಗೈ ಕೊಡತಿ ಹಿಡಿದಿತ್ತು. ಎರಡೂ ಕೈ ಬಿಡುವಾಗಿದ್ದವು. ಮರ ಹಿಡಿದದ್ದು ಪಾದ. ಅಂದರೆ ವೈಸ್ ಮಾಡುವ ಕೆಲಸವನ್ನು ಅವರ ಕಾಲು ಮಾಡುತ್ತಿತ್ತು, ಮಾಡಲು ಗೊತ್ತಿಲ್ಲದೆ ಕೈ ಕೊಯ್ದುಕೊಂಡವನು ನಾನು.

ನೆಲದ ಮೇಲೆ ಕೂತು ಕೆತ್ತುವುದು ನಮ್ಮ ದೇಶದ ಉದ್ದಗಲಕ್ಕೂ ಇದ್ದ ರೂಢಿ. 1870ರಲ್ಲಿ ಸರ್ಕಾರದ ಕೋರಿಕೆಯ ಮೇರೆಗೆ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಉತ್ತರ ಭಾರತದ ಕಸುಬುದಾರರ ರೇಖಾಚಿತ್ರ ಬರೆದರು. ಅದರಲ್ಲಿನ ಮರಗೆತ್ತನೆಯವನೂ ನೆಲದಲ್ಲೇ ಕೂತಿದ್ದಾನೆ. ನಮ್ಮ ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆಯನ್ನು ವಿಶೇಷವಾಗಿ ಎತ್ತಿ ಹೇಳಿದ್ದಾರೆ. ಪುಣೆಯಲ್ಲಿ ಎರಡನೆಯ ಬಾಜಿರಾವ್ ಕಟ್ಟಿಸಿದ ವಿಶ್ರಾಮ್‌ಬಾಗ್ ವಾಡಾದ ಮರದ ಕೆತ್ತನೆ ನೋಡಲು ಹೋದಾಗ ನನಗೆ ಅನ್ನಿಸಿತು, ಇಷ್ಟು ದೊಡ್ಡ ಮರಕ್ಕೆ ಅದರ ತೂಕವೇ ವೈಸ್. ಗಂಧಕ್ಕೆ ಮಾತ್ರ ಆ ತೂಕವಿಲ್ಲ. ಅದು ಸಣ್ಣ ತುಂಡು, ಗಟ್ಟಿ, ನಯವಾದ ಎಳೆ, ಪುಡಿಯೂ ಬೆಲೆಬಾಳುವಂಥದ್ದು. ದವಡೆಯ ಒಂದು ಗುರುತು ಬಿದ್ದರೂ ನಷ್ಟ. ಅಲ್ಲಿ ಬೇಕಾದದ್ದು ಬಿಗಿಗಿಂತ ಹೆಚ್ಚಾಗಿ ನಾಜೂಕು.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಆ ಮನೆಯ ಬಾಗಿಲು ತಟ್ಟಿದೆ. ಲೇತಿನಲ್ಲಿ ಮಾಡಿಸಿದ ತಿರುಪನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅವರಿಗೆ ಈಗ ಎಪ್ಪತ್ತು ದಾಟಿದೆ. ನನ್ನ ಹೆಬ್ಬೆರಳು ನೋಡಿ, "ಎಡಗೈಗೆ ಮರ ಕೊಟ್ಟಿದ್ರಾ ಮಾರಾಯ್ರೆ?" ಎಂದು ನಕ್ಕರು. ತಿರುಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ದೊಡ್ಡ ಮೂರ್ತಿಗೆ ಒಳ್ಳೇದು. ಆದರೆ ಸಣ್ಣದಕ್ಕೆ ಪ್ರತಿ ಸಲ ಸಡಿಲ ಮಾಡಿ ತಿರುಗಿಸಿ ಬಿಗಿಬೇಕಲ್ಲ" ಎಂದರು. ಆಮೇಲೆ ಕುರ್ಚಿಯಲ್ಲಿ ಕೂತಲ್ಲೇ ಬಲಗಾಲಿನ ಹೆಬ್ಬೆರಳನ್ನು ಮಡಚಿ ಬಿಚ್ಚಿ ತೋರಿಸಿದರು. ಒಂದು ಚಿಟಿಕೆಯಷ್ಟು ಹೊತ್ತು. ಅಷ್ಟರಲ್ಲಿ ತುಂಡು ಇನ್ನೊಂದು ಮಗ್ಗುಲಿಗೆ ತಿರುಗಿರುತ್ತಿತ್ತು ಎಂದು ಅರ್ಥ. ಎಳೆ ತಿರುಗಿದ ಕಡೆಗೆಲ್ಲ ತಿರುಗುವ ವೈಸನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ನನಗೆ ಅಪ್ಪನ ಮಾತಿಗೆ ಉತ್ತರ ಸಿಕ್ಕಿತು ಎಂದು ಹಿಗ್ಗಿದೆ. ಆದರೆ ಅವರು ಕುರ್ಚಿಯಲ್ಲಿ ಕೂತಿದ್ದರು ಎಂಬುದನ್ನು ಆಗಿನ್ನೂ ಗಮನಿಸಿರಲಿಲ್ಲ. ನೆಲದಲ್ಲಿ ಕೂರಲು ಆಗುವುದಿಲ್ಲವಂತೆ. ಐವತ್ತು ವರ್ಷ ಒಂದೇ ಭಂಗಿಯಲ್ಲಿ ಮಡಚಿದ ಮೊಣಕಾಲು ಈಗ ಮಡಚುವುದಿಲ್ಲ, ಸೊಂಟ ನೆಟ್ಟಗಾಗುವುದಿಲ್ಲ. ಕೈ ಇನ್ನೂ ಗಟ್ಟಿ, ಕಣ್ಣು ಪರವಾಗಿಲ್ಲ, ಕೆತ್ತನೆ ನಿಂತದ್ದು ಹಿಡಿತ ಸೋತದ್ದರಿಂದ. ಮಗ ಮೇಜು ಹಾಕಿಕೊಂಡು, ವೈಸ್ ಕೂರಿಸಿಕೊಂಡು ಶಿವನೆ ಮರದಲ್ಲಿ ಕೆಲಸ ಮಾಡುತ್ತಾನೆ. "ನನ್ನಷ್ಟು ಬೇಗ ತಿರುಗಿಸೂದಿಲ್ಲ ಅವ. ಆದರೆ ಅವನ ಮಂಡಿ ಉಳಿತದೆ" ಎಂದರು. ಆ ಮಾತಿನಲ್ಲಿ ಬೇಸರ ಇರಲಿಲ್ಲ.

ಪುಣೆಗೆ ಮರಳುವ ರಾತ್ರಿ ಬಸ್ಸಿನಲ್ಲಿ ನನ್ನ ಲೆಕ್ಕವನ್ನು ಮತ್ತೆ ತಿದ್ದಿಕೊಂಡೆ. ಕೆಲಸ ನಡೆಯಬೇಕಾದರೆ ಯಾರಾದರೂ ಹಿಡಿದುಕೊಂಡಿರಬೇಕು. ರೋಮನ್ ಬಡಗಿಯ ತೊಡೆ, ಶ್ಟೋಸನ ಕಾಲದ ವಿಗ್ರಹಗಳ ನೆತ್ತಿ, ನನ್ನ ಹೆಬ್ಬೆರಳು, ಆ ಜಗಲಿಯ ಮೊಣಕಾಲು, ಒಂದಲ್ಲ ಒಂದರ ಮೇಲೆ ಆ ಭಾರ ಬೀಳುತ್ತದೆ. ತಿರುಪು ಬಂದು ಮಾಡಿದ ದೊಡ್ಡ ಉಪಕಾರವೆಂದರೆ ಆ ಭಾರವನ್ನು ಮೈಯಿಂದ ಕಬ್ಬಿಣಕ್ಕೆ ದಾಟಿಸಿದ್ದು. ಮೈ ಕಲಿತಿದ್ದ ಚುರುಕನ್ನು ಅದು ಪೂರ್ತಿ ಕಲಿಯಲಿಲ್ಲ, ನಿಜ. ಅಪ್ಪ ಆ ಜಗಲಿಯಲ್ಲಿ ಕಂಡದ್ದು ಬಹುಶಃ ಬಡತನವಷ್ಟೇ ಅಲ್ಲ, ಸವೆಯುತ್ತಿದ್ದ ಮೊಣಕಾಲನ್ನೂ ಕಂಡಿದ್ದರು. ನಾನು ಮಾತ್ರ ಆ ಕೌಶಲವನ್ನೂ ಕಾಣಲಿಲ್ಲ, ಅದರ ಬೆಲೆಯನ್ನೂ ಕಾಣಲಿಲ್ಲ.

ತಿರುಪನ್ನು ಅವರ ಮಗನಿಗೆ ಕೊಟ್ಟು ಬಂದಿದ್ದೇನೆ. ನನಗೆ ಇನ್ನೊಂದು ಮಾಡಿಸಬೇಕು. ಈ ಸಲ ನಟ್ಟಿನ ರೆಕ್ಕೆ ಸ್ವಲ್ಪ ಅಗಲವಾಗಿರಲಿ, ಕಾಲಿನಿಂದಲೇ ತಿರುಗಿಸಲು ಬರುವಂತೆ ಎಂದು ಲೇತಿನವರಿಗೆ ಹೇಳಿದ್ದೇನೆ. ಅವರು ವಿಚಿತ್ರವಾಗಿ ನೋಡಿದರು.